ಕೆಂಡತ್ತೆಯ ಇಸ್ತ್ರಿಪೆಟ್ಟಿಗೆ

ನಮ್ಮ ಸೋದರತ್ತೆಯನ್ನು ಎಲ್ಲರೂ ಕೆಂಡತ್ತೆ ಎನ್ನುತ್ತಿದ್ದರು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆಸ್ಪತ್ರೆ, ಹೋಟೆಲುಗಳ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಲೇ ಮುದುಕಿಯಾದವಳು. ಮಡಿಕೆ ತಪ್ಪಿಸಿದ ಹುಡುಗಿಯರ ಬೆನ್ನಿಗೆ ಗುದ್ದುತ್ತಿದ್ದಳು; ಭಾನುವಾರ ಮಾತ್ರ ಚರ್ಚಿನ ಮುಂದಿನ ಬೆಂಚಿನಲ್ಲಿ ಬೆಕ್ಕಿನಂತೆ ಕೂರುತ್ತಿದ್ದಳು. ಒಬ್ಬನೇ ಮಗ ಅದೇ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ.

ಆ ಬಾಯ್ಲರ್ ಒಡೆಯಿತು. ಗೋಡೆ ಹಾರಿ ರಸ್ತೆಗೆ ಬಿತ್ತು. ಕುದಿನೀರು, ಇಟ್ಟಿಗೆ, ಕಬ್ಬಿಣದ ಚೂರುಗಳ ಮಧ್ಯೆ ಅವನು ಸಿಕ್ಕಾಗ ಮುಖವೇ ಇರಲಿಲ್ಲ. ಅಂಗಿ ಬಿಚ್ಚಲು ಹೋದರೆ ಚರ್ಮವೂ ಕಿತ್ತು ಬಂತು. ಅತ್ತೆ ಬೆಲ್ಟು ನೋಡಿ ಮಗನೆಂದಳು.

ಪಾದ್ರಿ ಮನೆಗೆ ಬಂದು, ದೇವರ ಚಿತ್ತ, ಅವನೇ ಕರೆದುಕೊಂಡ ಎಂದರು. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬಂದ ಸಮಾಧಾನ ಹೇಳುವ ಚಾಳಿ.

"ಬೇಯಿಸಿ ಕರ್ಕೊಂಡ್ನಾ?" ಎಂದಳು ಅತ್ತೆ.

ಅವಳು ಗೋಡೆಯ ಶಿಲುಬೆಯನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದಳು. ಮಗನನ್ನು ಕೊಂದವನ ಮುಂದೆ ಇನ್ನು ಮೊಣಕಾಲೂರುವುದಿಲ್ಲ, ಪ್ರಾರ್ಥನೆ ಇಲ್ಲದೆಯೇ ಹೂಳಿ ಎಂದಳು. ನನಗೂ ಅದೇ ಸರಿ ಎನಿಸಿತು.

ಮರುದಿನ ಮಗನ ಚಪ್ಪಲಿ ಹುಡುಕಲೆಂದು ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ಹೋದಳು. ಇಟ್ಟಿಗೆಯ ರಾಶಿಯಲ್ಲಿ ಬಾಯ್ಲರಿನ ಕವಾಟ ಬಿದ್ದಿತ್ತು. ಒಳಗೆ ಆವಿ ಹೆಚ್ಚಾದರೆ ತಾನೇ ತೆರೆದುಕೊಳ್ಳಬೇಕಾದ ಕವಾಟ. ಅದು ತೆರೆಯದಂತೆ ಅದರ ಸನ್ನೆಗೋಲಿಗೆ ತಳ ಸೀಳಿದ ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ತಂತಿಯಿಂದ ಬಿಗಿದಿದ್ದರು. ಅತ್ತೆಯದೇ ಪೆಟ್ಟಿಗೆ. ಆವಿ ಪೋಲಾಗುತ್ತದೆಂದು ಮಾಲೀಕ ಅವಳಿಂದ ಕೇಳಿ ಒಯ್ದಿದ್ದ. ಮಗ ಬೇಡವೆಂದು ಜಗಳವಾಡಿದರೂ ಕಟ್ಟಿಸಿದ್ದ. ಕವಾಟದ ಬುಸುಬುಸು ನಿಂತು ಆವಿಯ ಇಸ್ತ್ರಿ ಚೆನ್ನಾಗಿ ಕಾಯುತ್ತಿದೆಯೆಂದು ಎಲ್ಲರೂ ಖುಷಿಪಟ್ಟಿದ್ದರು, ಅತ್ತೆಯೂ. ಅವಳು ತಂತಿ ಬಿಚ್ಚಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು.

ಹೂಳುವ ಹೊತ್ತಿಗೆ ಮಾಲೀಕ ಹೂಮಾಲೆ ಹಿಡಿದು ಬಂದ. ಎಲ್ಲ ದೇವರ ಇಚ್ಛೆ ಎಂದ. ಅತ್ತೆ ಚೀಲದಿಂದ ಪೆಟ್ಟಿಗೆ ತೆಗೆದು ಅವನ ಬಾಯಿಗೇ ಬೀಸಿದಳು. ಹಲ್ಲು, ರಕ್ತ ಹೂವಿನ ಮೇಲೆ ಬಿದ್ದವು. ಎರಡನೇ ಏಟಿಗೆ ಎತ್ತಿದ ಕೈಯನ್ನು, ಪ್ರಾರ್ಥನೆ ಬೇಡವೆಂದರೂ ಬಂದಿದ್ದ ಪಾದ್ರಿ ಹಿಡಿದುಕೊಂಡರು.

"ದೇವರ ಹೆಸರು ಎತ್ತಬೇಡ," ಎಂದಳು ಮಾಲೀಕನಿಗೆ. "ಇದನ್ನ ಕಟ್ಟಿಸಿದ್ದು ನೀನು. ಕೊಟ್ಟಿದ್ದು ನಾನು."

ಹಾಗಾದರೆ ದೇವರು ಎಲ್ಲಿದ್ದ ಎಂದು ಪಾದ್ರಿ ಕೇಳಿದರು. ಪರೀಕ್ಷಿಸಲು ಅಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಒಳಗೇ ಇದ್ದ. ನನ್ನ ಮಗನ ಜೊತೆ ಬೆಂದ."

ಪೆಟ್ಟಿಗೆಯನ್ನು ಕೆಳಗಿಟ್ಟು ಅತ್ತೆ ಹಸಿಮಣ್ಣಿನ ಮೇಲೆ ಮೊಣಕಾಲೂರಿದಳು. ಪ್ರಾರ್ಥನೆ ಶುರುಮಾಡಿ ಎಂದಳು.