ಅತ್ತೆಯ ಸಾಮಾನು ಕಡಲು ನೋಡಿ ಬಂದದ್ದು

ನಮ್ಮತ್ತೆ ಹೋಗಿ ವರ್ಷ ತುಂಬಿದ ಮೇಲೆ ಅವರ ಕೋಣೆಯನ್ನು ಓರಣ ಮಾಡಲು ಕೂತೆ. ನನಗೆ ಮೊದಲಿಂದಲೂ ಗುಡಿಸುವ ಹುಚ್ಚು. ನನ್ನ ಗಂಡ ಹೇಳುವ ಹಾಗೆ, ಸುಮ್ಮನೆ ಕೂತ ಮನುಷ್ಯರನ್ನೂ ಒಂದು ಸಲ ಎತ್ತಿ ಕೊಡವಿ ಇಡುವವಳು ನಾನು. ಇಂಥ ಸೊಸೆಯ ಜೊತೆ ಬಾಳಿದ ನಮ್ಮತ್ತೆಯಾದರೋ ಒಂದು ದಾರದ ತುಂಡನ್ನೂ ಬಿಸಾಡಿದವರಲ್ಲ. ಅವರ ಮರದ ಪೆಟ್ಟಿಗೆಯಲ್ಲಿ ಏನುಂಟು ಏನಿಲ್ಲ! ಅವರ ಮಗಳು ಚಿಕ್ಕವಳಿದ್ದಾಗ ಹಾಕುತ್ತಿದ್ದ ಹಸಿರು ಲಂಗ, ಸವೆದು ಸವೆದು ಸಣ್ಣಗಾದ ಕಡಗೋಲು, ಹಿಡಿ ಮುರಿದ ಹಿತ್ತಾಳೆ ಶಾವಿಗೆ ಒರಳು, ಕರಿಗಟ್ಟಿದ ಹಿತ್ತಾಳೆ ಚೊಂಬು, ಎಲೆಅಡಿಕೆ ಸಂಚಿ. ಸಂಚಿಯೊಳಗೆ ಒಣಗಿ ಪುಡಿಯಾದ ವೀಳ್ಯದೆಲೆ ಹಾಗೇ ಇತ್ತು. ಮೂಗಿಗೆ ಹಿಡಿದೆ. ಅವರೇ ಪಕ್ಕದಲ್ಲಿ ಬಂದು ಕೂತಂತಾಗಿ ಸೆರಗಲ್ಲಿ ಕಣ್ಣು ಒರೆಸಿಕೊಂಡೆ.

ಇವೆಲ್ಲ ನನ್ನ ನಾದಿನಿಗೆ ಸೇರಬೇಕು ಅನ್ನಿಸಿತು. ಅತ್ತೆಗೆ ಅವಳೊಬ್ಬಳೇ ಮಗಳು. ಗಂಡ ಉಡುಪಿ ಕಡೆ ಕಡಲಂಚಿನ ಊರೊಂದರಲ್ಲಿ ಮೇಷ್ಟ್ರು, ಅವಳೂ ಅಲ್ಲೇ. ವರ್ಷದ ಕಾರ್ಯಕ್ಕೆ ಬಂದವಳು ಊಟ ಮುಗಿಸಿ ಅದೇ ಸಂಜೆ ಹೊರಟುಬಿಟ್ಟಿದ್ದಳು. ಅದು ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಸಾಮಾನು ತೆಗೆದುಕೊಂಡು ನಾವೇ ಹೋದರೆ ಅವಳ ಜೀವಕ್ಕೆ ತಂಪಾದೀತು ಅಂದುಕೊಂಡೆ. ಹಿತ್ತಾಳೆಯದನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗಿದೆ, ಲಂಗಕ್ಕೆ ಇಸ್ತ್ರಿ ಹಾಕಿದೆ, ಎಲ್ಲವನ್ನೂ ಅತ್ತೆಯ ಹಳೇ ಸೀರೆಗಳಲ್ಲಿ ಸುತ್ತಿ ಕಾರಿಗೆ ತುಂಬಿದೆ. ಕೋಣೆಗೆ ಸುಣ್ಣ ಹೊಡೆಸಿ ನೆಲ ತೊಳೆದದ್ದೂ ಆಯಿತು.

ನನ್ನ ಗಂಡ ಹಿಂದಿನಿಂದ ಒಂದು ಚೀಲ ತೆಂಗಿನಕಾಯಿ ತಂದು ತುರುಕಿದರು.

"ಕಡಲ ದಂಡೇಲಿ ಕಾಯಿ ಸಿಗಲ್ವೇನ್ರೀ?"

"ಸಿಗ್ತದೆ. ನಮ್ ಕಾಯಿ ಸಿಗ್ತದಾ?"

ಇದಕ್ಕೆ ನಮ್ಮ ತಿಪಟೂರು ಸೀಮೆಯಲ್ಲಿ ಎದುರುತ್ತರ ಇಲ್ಲ. ಶಿರಾಡಿ ಘಾಟಿಯ ತಿರುವುಗಳಲ್ಲಿ ಆ ಕಾಯಿಗಳು ಹಿಂದೆ ಉರುಳಾಡುತ್ತಿದ್ದರೆ, ಮುಂದೆ ನನ್ನ ಹೊಟ್ಟೆಯೊಳಗಿನದೂ ಉರುಳಾಡುತ್ತಿತ್ತು.

ಶನಿವಾರ ಮಧ್ಯಾಹ್ನ ತಲುಪಿದೆವು. ಕೈಕಾಲು ತೊಳೆಯುವಷ್ಟೂ ತಾಳ್ಮೆ ಇಲ್ಲದೆ ಗಂಟು ಬಿಚ್ಚಿ ಒಂದೊಂದೇ ಸಾಮಾನನ್ನು ಅವಳ ಮುಂದೆ ಇಟ್ಟೆ. ನಾದಿನಿ ಲಂಗವನ್ನು ಕೈಗೆ ತೆಗೆದುಕೊಂಡಳು, ಇಸ್ತ್ರಿಯ ಗೆರೆಯ ಮೇಲೆ ಬೆರಳಾಡಿಸಿದಳು, ಮಡಿಸಿ ಇಟ್ಟಳು. "ಊಟಕ್ಕೆ ಏಳಿ ಅತ್ಗೆ" ಅಂದು ಒಳಗೆ ಹೋದಳು. ದುಃಖ ಉಕ್ಕಿ ಬಂದಿರಬೇಕು ಅಂದುಕೊಂಡು ಕೈಕಾಲು ತೊಳೆಯಲು ಎದ್ದೆ.

ಬಿಸಿಲು ಇಳಿದ ಮೇಲೆ, ಮೇಷ್ಟ್ರನ್ನು ಮನೆಯಲ್ಲೇ ಬಿಟ್ಟು, ನಾವು ಮೂವರೂ ದಂಡೆಯ ಗುಂಟ ನಡೆಯಲು ಹೊರಟೆವು. ಎದುರಿಗೆ ಅಷ್ಟು ದೊಡ್ಡ ಸಮುದ್ರ ಇದ್ದರೂ ನನ್ನ ಗಂಡನ ಕಣ್ಣು ಮೇಲಕ್ಕೇ. "ಈ ಮರಕ್ಕೆ ಗೊನೇನೇ ನಿಂತಿಲ್ಲ. ಇದಕ್ಕೆ ಸುಳಿ ರೋಗ" ಎಂದು ದಾರಿಯುದ್ದಕ್ಕೂ ಮರಗಳ ಜಾತಕ ಓದಿದರು. ಅಲೆ ಒಂದು ಕಾಯಿಯನ್ನು ತಂದು ಅವರ ಕಾಲ ಬುಡದಲ್ಲಿ ಬಿಟ್ಟಿತು. ತಕ್ಷಣ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ನಮ್ಮಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೇನೇ ಒಡೆಯುವುದು. ಆ ಅಭ್ಯಾಸ ಸಮುದ್ರಕ್ಕೆ ಬಂದರೂ ಬಿಡಬೇಕಲ್ಲ! ಅಣ್ಣನನ್ನು ನೋಡಿ ನಾದಿನಿ ಜೋರಾಗಿ ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಕೆಟ್ಟಿತು. ಅಣ್ಣ ಮುಂದೆ ಹೋಗಲಿ ಅಂತ ಕಾದಳು.

"ಅತ್ಗೆ, ಅವ್ವನ ಸಾಮಾನೆಲ್ಲ ತಂದ್ಬುಟ್ಟಿದ್ದೀಯಲ್ಲ. ಇನ್ನು ಅಲ್ಲಿ ನಂದು ಅಂತ ಏನುಳೀತು?"

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಹುಣಸೆಹಣ್ಣಲ್ಲಿ ಕೈ ಉರಿಸಿಕೊಂಡು ಬೆಳಗಿದವಳು ನಾನು, ಘಾಟಿಯಲ್ಲಿ ವಾಂತಿ ಮಾಡಿಕೊಂಡವಳೂ ನಾನು.

"ನಿಂಗೆ ಸೇರಬೇಕಾದ್ದು ಕಣೇ ಅದು. ನಾನಿಟ್ಕೊಂಡ್ರೆ ಜನ ಏನಂತಾರೆ?"

"ಮಡಿಲಕ್ಕಿ ಕಟ್ಟುವಾಗ್ಲೂ ಒಂದು ಹಿಡಿ ವಾಪಸ್ ಹಾಕಿಸ್ಕೊಂತೀಯ. ಇದ್ರಲ್ಲಿ ಒಂದನ್ನಾದ್ರೂ ಅಲ್ಲಿ ಬುಟ್ಟು ಬರಬಾರದಿತ್ತಾ?"

ತವರಿಂದ ಹೊರಡುವ ಹೆಣ್ಣಿನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು ತುಂಬುತ್ತೇವೆ. ಅವಳು ಅದರಲ್ಲೇ ಒಂದು ಹಿಡಿ ಅಕ್ಕಿಯನ್ನು ಮನೆಗೆ ಮರಳಿ ಹಾಕಿ ಹೋಗಬೇಕು. ಕೊಟ್ಟಾಯಿತು, ಮುಗಿಯಿತು ಅಂತ ಆಗಬಾರದು. ಅವಳ ಮದುವೆಯಾದಾಗಿನಿಂದ ಅತ್ತೆಯ ಪಕ್ಕದಲ್ಲಿ ನಿಂತು "ಹಾಕಮ್ಮ, ಒಂದು ಹಿಡಿ ಹಾಕು" ಅಂತ ಹೇಳಿಕೊಂಡು ಬಂದವಳು ನಾನೇ.

"ಅವ್ವನ ಕೋಣೆ ಈಗ ಹೆಂಗೈತೆ?" ಅಂತ ಕೇಳಿದಳು.

"ಚೊಕ್ಕವಾಗೈತೆ. ಏನೂ ಇಲ್ಲ" ಅಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅಮ್ಮ ಇಲ್ಲದ ಮನೆಗೆ ಬರಲು ಅವಳಿಗೆ ಉಳಿದಿದ್ದ ಒಂದು ನೆವವನ್ನೂ ಗುಡಿಸಿ, ಗಂಟು ಕಟ್ಟಿ, ಅವಳ ಬಾಗಿಲಿಗೇ ತಂದು ಇಳಿಸಿದ್ದೆ.

"ಬರಬೇಡ ಅಂತಲ್ಲ ಕಣೇ."

"ಗೊತ್ತು ಅತ್ಗೆ. ಆದ್ರೂ ಹಂಗನ್ನಿಸ್ತು."

ಅವಳ ಕೈ ಹಿಡಿದುಕೊಂಡೆ. ನಮ್ಮ ನಡುವೆ ಕೈ ಹಿಡಿಯುವ ರೂಢಿ ಇಲ್ಲ, ಇಬ್ಬರಿಗೂ ಮುಜುಗರವಾಯಿತು, ಆದರೂ ಬಿಡಲಿಲ್ಲ. ಅಲೆ ಬಂದು ಇಬ್ಬರ ಸೀರೆಯ ಅಂಚನ್ನೂ ತೋಯಿಸಿತು. ನಾಳೆ ಎಲ್ಲವನ್ನೂ ವಾಪಸ್ ಹೊತ್ತುಕೊಂಡು ಹೋಗುತ್ತೇನೆ ಅಂದೆ. "ಬೆಳಗಿದ್ದೆಲ್ಲ ದಂಡ ಆಯ್ತಲ್ಲ ನಿಂಗೆ" ಅಂದಳು. ನನ್ನ ನಾದಿನಿಗೆ ಅಳುವಾಗಲೂ ಕೆಣಕದೆ ಇರಲಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಅವಳೇ ಕೂತು ಗಂಟು ಕಟ್ಟಿದಳು. ನನ್ನ ಗಂಡ ಕಂಗಾಲು. "ಕೊಟ್ಟಿದ್ದನ್ನ ವಾಪಸ್ ತಗೊಂಡು ಹೋಗೋದಾ? ಭಾವ ಏನ್ ತಿಳ್ಕೊಂತಾರೆ?" ನಾನು "ಸುಮ್ನೆ ಕಾರು ಹತ್ತಿ" ಅಂದೆ. ನಾದಿನಿ ಇಳಿಸಿಕೊಂಡದ್ದು ಕಾಯಿ ಚೀಲ ಒಂದನ್ನೇ.

ಮನೆಗೆ ಬಂದು ಎಲ್ಲವನ್ನೂ ಮೊದಲಿದ್ದ ಹಾಗೇ ಇಟ್ಟೆ. ಜೋಡಿಸುವುದು ನನಗೆ ಸಲೀಸು. ಅಸ್ತವ್ಯಸ್ತವಾಗಿ ಇಡುವುದಕ್ಕೆ ಬೆವರು ಕಿತ್ತು ಬಂತು.

ಆಮೇಲೆ ಒಂದು ದಿನ ಹೇಳದೆ ಕೇಳದೆ ನಾದಿನಿ ಬಂದಳು. ಬಂದವಳೇ ಅಮ್ಮನ ಕೋಣೆಗೆ ಹೋಗಿ ಪೆಟ್ಟಿಗೆಯನ್ನೆಲ್ಲ ಹರವಿಕೊಂಡು ಕೂತಳು. ನಾನು ಒಲೆಯ ಕಡೆ ಹೋದೆ. ಉಂಡಳು, ಸಾರಿಗೆ ಉಪ್ಪು ಕಡಿಮೆ ಅಂದಳು, ಬರಿ ನೆಲದ ಮೇಲೆ ಸೆರಗು ಹಾಸಿಕೊಂಡು ಸಾಮಾನುಗಳ ನಡುವೆಯೇ ಮಲಗಿದಳು. ಸಂಜೆಯಾದರೂ ಏಳಲಿಲ್ಲ.

ದೀಪ ಹಚ್ಚುವ ಹೊತ್ತಲ್ಲಿ ಮನೆಯಲ್ಲಿ ಯಾರೂ ಮಲಗಿರಬಾರದು ಅಂತ ಶಾಸ್ತ್ರ. ನಮ್ಮತ್ತೆ ಇದ್ದಿದ್ದರೆ ಬೈದು ಎಬ್ಬಿಸುತ್ತಿದ್ದರು. ನಾನು ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿ, ಗಂಟೆ ಬಾರಿಸದೆ ದೀಪ ಹಚ್ಚಿದೆ.