ಟೀಚರಮ್ಮ ಹೇಳುತ್ತಿದ್ದ ಇಂಗ್ಲಿಷ್ ಕತೆ

ನಮ್ಮ ಪಕ್ಕದ ಮನೆ ಟೀಚರಮ್ಮನ ಬಲಗೈ ಹೆಬ್ಬೆರಳ ಉಗುರು ಉದ್ದಕ್ಕೂ ಸೀಳಿತ್ತು. ಕೊಬ್ಬರಿ ಚಿಪ್ಪು ಬಿಡಿಸೀ ಬಿಡಿಸೀ ಆದದ್ದು. ತಿಪಟೂರಿನ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರಿಗೆ ಈ ಕೆಲಸ ಯಾಕೆ ಬೇಕಿತ್ತೋ! ಕೇಳಿದರೆ, 'ಕತೆ ಕೇಳೋರು ಇನ್ನೆಲ್ಲಿ ಸಿಗ್ತಾರೆ ಬುಡು' ಅನ್ನೋರು.

ಅಟ್ಟದಿಂದ ಒಣಗಿದ ಕಾಯಿ ಇಳಿಸಿದಾಗ ನಾವು ಏಳೆಂಟು ಹೆಂಗಸರು ಚಿಪ್ಪು ಬಿಡಿಸೋಕೆ ಅವರ ಜಗಲಿ ಮೇಲೆ ಕೂರುತ್ತಿದ್ದೆವು. ಇನ್ನೂರು ವರ್ಷದ ಹಿಂದಿನ ಒಂದು ಇಂಗ್ಲಿಷ್ ಕಾದಂಬರಿಯನ್ನು ಅವರು ನಮ್ಮೂರಿನದೇ ಮಾಡಿ ಹೇಳೋರು. ಶ್ರೀಮಂತ ಗಂಡಿಗೆ ಕಂದಿಕೆರೆ ಕಡೆ ತೋಟ, ಓಡಾಡೋಕೆ ಬೈಕು. ಅವನು ಜಂಬದಿಂದ ಹೆಣ್ಣು ಕೇಳುತ್ತಾನೆ, ಹುಡುಗಿ ಒಲ್ಲೆ ಅನ್ನುತ್ತಾಳೆ. ಜಂಬವೆಲ್ಲ ಇಳಿದ ಮೇಲೆ ಅವನು ಎರಡನೇ ಸಲ ಬಂದು ಕೇಳುತ್ತಾನೆ. ಆ ಜಾಗಕ್ಕೆ ಬಂದಾಗ ಎಲ್ಲರ ಕೈಯೂ ನಿಂತುಬಿಡೋದು.

ತೊಂಬತ್ತರ ದಶಕದ ಕೊನೆಗೆ ನನ್ನನ್ನು ನೋಡೋಕೆ ತುರುವೇಕೆರೆ ಕಡೆಯಿಂದ ಗಂಡು ಬಂದ. ನನ್ನನ್ನು ಮಾತಾಡಿಸದೆ ಅಪ್ಪನ ಹತ್ತಿರ ಬರೀ ಬೋರ್‌ವೆಲ್ ವಿಚಾರ ಮಾತಾಡಿದ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಅಯ್ಯೋ, ಇಷ್ಟವಾಗಿಬಿಟ್ಟ! ಆದರೂ ಬೇಡ ಅಂದೆ. ಎರಡನೇ ಸಲ ಬರಲಿ ಅಂತ. ಹೆಣ್ಣಿನ ಕಡೆಯವರು ಒಲ್ಲೆ ಅಂದ ಮೇಲೆ ಗಂಡಿನ ಕಡೆಯವರು ಮತ್ತೆ ಆ ಮನೆ ಹೊಸ್ತಿಲು ತುಳಿಯೋಲ್ಲ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಕತೆ ತಲೆಗೇರಿತ್ತು, ಅಷ್ಟೇ.

ಟೀಚರಮ್ಮನಿಗೆ ಮಾತ್ರ ನಿಜ ಹೇಳಿದೆ. ಕೈಲಿದ್ದ ಕಾಯಿ ಕೆಳಗಿಟ್ಟರು. 'ಅದು ಕತೆ ಕಣೇ, ನನ್ ತಾಯೀ' ಅಂದರು. ತಿಂಗಳೊಳಗೆ ಅವನಿಗೆ ಬೇರೆ ಕಡೆ ಮದುವೆಯಾಯ್ತು ಅಂತ ಸುದ್ದಿ ಬಂತು.

ಆಮೇಲೆ ಅವರು ಆ ಕತೆ ಹೇಳಿದ್ದು ಒಂದೇ ಸಲ. 'ಮತ್ತೆ ಬಂದ್ನಾ ಟೀಚರಮ್ಮ?' ಅಂತ ಯಾರೋ ಕೇಳಿದರು. 'ಬರ್ಲಿಲ್ಲ ಕಣ್ರೀ' ಅಂದು ಎದ್ದು ಒಳಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹಣೆಬರಹವನ್ನು ಎಲ್ಲರ ಮುಂದೆ ಆಡಿದರಲ್ಲ ಅಂತ ವರ್ಷಗಟ್ಟಲೆ ಅವರ ಮನೆ ಕಡೆ ತಲೆ ಹಾಕಲಿಲ್ಲ.

ಹಾಸಿಗೆ ಹಿಡಿದಿದ್ದಾರೆ ಅಂತ ಗೊತ್ತಾದಾಗ ಹೋದೆ. ನನ್ನ ಕೈ ಬಿಡದೆ ಹೇಳಿದರು: 'ನಾನು ಹೋಗಿದ್ದೆ ಕಣೇ ಅವನ ಊರಿಗೆ. ಹುಡುಗಿ ಮನಸ್ಸಲ್ಲಿ ನೀನೇ ಇದೀಯ ಕಣಪ್ಪ, ಇನ್ನೊಂದ್ಸಲ ಬಾ ಅಂತ ಕಾಲು ಹಿಡ್ದಾದ್ರೂ ಹೇಳಾಣ ಅಂತ. ಹೋಗಿ ನೋಡಿದ್ರೆ ಬಾಗ್ಲಲ್ಲಿ ಚಪ್ಪರ. ಗರಿ ಇನ್ನೂ ಹಸಿ. ಯಾರೋ ನೆಂಟ್ರು ಅಂದ್ಕೊಂಡು ಕೂರ್ಸಿ ಊಟ ಬಡ್ಸಿದ್ರು. ಉಂಡು ಬಂದೆ.'

ಮೂರನೇ ದಿನಕ್ಕೆ ಹೋಗಿಬಿಟ್ಟರು. ನನಗೂ ಈಗ ಸಂಸಾರವಿದೆ, ಕೊರತೆಯೇನಿಲ್ಲ. ಆದರೆ ಯಾರ ಮದುವೆಗೆ ಹೋದರೂ, ಪಂಕ್ತಿಯ ಕೊನೆಯಲ್ಲಿ ಯಾರೊಡನೆಯೂ ಮಾತಾಡದೆ ತಲೆ ತಗ್ಗಿಸಿ ಉಣ್ಣುವ ಒಬ್ಬ ಮುದುಕಿಯನ್ನು ನನ್ನ ಕಣ್ಣು ಹುಡುಕುತ್ತದೆ. ಪ್ರತಿ ಸಲವೂ ಒಬ್ಬರು ಇದ್ದೇ ಇರುತ್ತಾರೆ.