ಮರಳು ಬಿಡದ ಡೀಸೆಲ್

ಬೀದಿಯವರೆಲ್ಲ ಅವನನ್ನು ಪಂಪಣ್ಣ ಎಂದೇ ಕರೆಯುತ್ತಿದ್ದರು. ಮೂಲೆಯ ಬಂಕಿನ ಟ್ಯಾಂಕು ನೆಲದೊಳಗೇ ತುಕ್ಕು ಹಿಡಿದು, ಡೀಸೆಲ್ ಸದ್ದಿಲ್ಲದೆ ಸೋರಿ ಸುತ್ತಲಿನ ಬಾವಿಗಳನ್ನು ಸೇರಿದಾಗ, ಅದನ್ನು ಮೇಲೆತ್ತುವ ಪಂಪು ನೋಡಿಕೊಳ್ಳಲು ಕೂತವನು ಅವನೇ. ಒಳ್ಳೆಯ ಕೆಲಸಗಾರ, ಆದರೆ ಮಹಾ ಹಟಮಾರಿ. ಕೆಟ್ಟ ಬಾವಿಗಳಲ್ಲಿ ಒಂದು ಅವನ ಹಿತ್ತಲಿನದು. ಹೆಂಡತಿಯ ಅಪ್ಪ ಕೈಯಾರೆ ತೋಡಿ ಮಗಳಿಗೆ ಬಿಟ್ಟುಹೋದದ್ದು. ಆ ನೀರನ್ನು ಅವಳು ಮತ್ತೆ ಕುಡಿಯಬೇಕು, ಇದೊಂದೇ ಅವನ ಆಸೆ.

ಮೊದಮೊದಲು ಡೀಸೆಲ್ ಧಾರಾಳವಾಗಿ ಬಂತು. ಆಮೇಲೆ ಬರೀ ನೀರು, ಅದರ ಮೇಲೆ ಬಣ್ಣಬಣ್ಣದ ತೆಳು ಪೊರೆ. ನೆಲ ಪರೀಕ್ಷೆಗೆ ಬರುತ್ತಿದ್ದ ಇಂಜಿನಿಯರಮ್ಮ ಸಮಾಧಾನವಾಗಿ ತಿಳಿಹೇಳಿದಳು.

"ಉಳಿದದ್ದು ಮರಳಿನ ಸಂದಿಯಲ್ಲಿ ಹನಿಹನಿಯಾಗಿ ಸಿಕ್ಕೊಂಡಿದೆ ಅಣ್ಣಾ. ನೀರಿಗೂ ಅದಕ್ಕೂ ಆಗಿಬರಲ್ಲ. ಹನಿಯ ಹೊರಮೈ ಬಿಗಿ, ಇಕ್ಕಟ್ಟಿನಲ್ಲಿ ತೂರೋಕೆ ಬಿಡಲ್ಲ. ನೀವು ಎಳೆದ್ರೆ ನೀರು ಪಕ್ಕದಿಂದ ಸುತ್ತಿ ಬರತ್ತೆ, ಹನಿ ಅಲ್ಲೇ ಕೂತಿರತ್ತೆ. ಪಂಪ್ ನಿಧಾನಕ್ಕೆ ಓಡಲಿ. ಕೆಳಗಿನ ಮರಳು ಇನ್ನೂ ಚೆನ್ನಾಗಿದೆ, ನಿಮ್ಮ ಬಾವೀನ ಇನ್ನಷ್ಟು ಆಳ ಮಾಡಿದ್ರೆ ಒಳ್ಳೇ ನೀರು ಸಿಗತ್ತೆ."

ನಿಧಾನ ಎಂಬುದು ಅವನ ಜಾಯಮಾನದಲ್ಲೇ ಇರಲಿಲ್ಲ. "ಜೋರಾಗಿ ಎಳೆದ್ರೆ ಅದರಪ್ಪನೂ ಬರ್ತಾನೆ," ಎಂದು ಗೊಣಗಿದವನು, ಅವಳು ಹೋದದ್ದೇ ತಡ ಪಂಪನ್ನು ಪೂರ್ತಿ ಜೋರಿಗೆ ಬಿಟ್ಟ. ಬೇಸಿಗೆಯಿಡೀ ಹಾಗೇ ಓಡಿಸಿದ. ನೆಲದಡಿಯ ನೀರು ಕೆಳಗಿಳಿಯಿತು. ಅದರ ಮೇಲೆ ತೇಲುತ್ತಿದ್ದ ಡೀಸೆಲ್ಲೂ ಜೊತೆಗೇ ಇಳಿದು, ಅದುವರೆಗೆ ಮೈಲಿಗೆಯಾಗದ ಮರಳನ್ನೂ ಹೊಕ್ಕಿತು. ಪಾಪ, ಅವನಿಗೆ ಕಂಡದ್ದು ಪೈಪಿನಿಂದ ಬರುತ್ತಿದ್ದ ತಿಳಿನೀರು ಮಾತ್ರ. "ಬಂತು ನೋಡೇ, ಇನ್ನೇನು ನಿನ್ನ ಬಾವಿ ನಿನಗೆ!" ಎಂದು ಹೆಂಡತಿಯ ಮುಂದೆ ಬೀಗಿದ.

ಬೇಸಿಗೆಯ ಕೊನೆಗೆ ಬಾವಿಯನ್ನು ಆಳ ಮಾಡಲು ತೋಡುವವರು ಇಳಿದರು. ತಳದಿಂದ ಮೊದಲ ಬುಟ್ಟಿ ಮರಳು ಮೇಲೆ ಬರುತ್ತಿದ್ದಂತೆ ಹಿತ್ತಲಿಗೆಲ್ಲ ಬಂಕಿನ ವಾಸನೆ ಹಬ್ಬಿತು. ಇಂಜಿನಿಯರಮ್ಮ ಮರಳನ್ನು ಮೂಸಿ ಅವನ ಮುಖ ನೋಡಿದಳು. "ಎಷ್ಟು ಜೋರಾಗಿ ಓಡಿಸಿದ್ರಿ ಅಣ್ಣಾ?"

ಅವನು ಬುಟ್ಟಿಯಿಂದ ಒಂದು ಹಿಡಿ ಮರಳೆತ್ತಿ ತಾನೂ ಮೂಸಿದ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಬಾವಿಕಟ್ಟೆಗೆ ಒರಗಿ ಕೆಳಗೆ ಬಗ್ಗಿ ನೋಡಿ, "ಅದರ ಕೆಳಗೇನಿದೆ ರೀ?" ಎಂದಳು.

"ಬಂಡೆ ಕಣೇ."

ಬಾವಿಗೆ ಹಲಗೆ ಮುಚ್ಚಿದರು. ಪಂಪಣ್ಣ ಮಾತ್ರ ಕೆಲಸ ಬಿಡಲಿಲ್ಲ. ಸಾಯುವವರೆಗೂ ಆ ಪಂಪನ್ನು ನಿಧಾನವಾಗಿಯೇ ಓಡಿಸಿದ.